ಕಾಫಿ ಪೊಟ್ಟಣದ ಹಂಸ

ಕಾಫಿ ಪೊಟ್ಟಣದ ಮೇಲಿದ್ದ ಹಳೆಯ ಕಂದು ಹಂಸವನ್ನು ತೆಗೆದು ನೀಲಿ ಹಂಸ ಬರೆದವಳು ಕಾಫಿ ಕಂಪನಿಯ ಚಿತ್ರಕಾರ್ತಿ ಸಿರ್ಕು. ಅಂದಿನಿಂದ ತಾಂಪೆರೆ ಊರಿನ ಜನ ಅವಳಿಗೆ ಹಿಡಿಶಾಪ ಹಾಕುತ್ತಿದ್ದರು. ಖಾಲಿ ಪೊಟ್ಟಣಗಳನ್ನು ಮಡಚಿ ಚೀಲ ಹೆಣೆಯುವ ಪಕ್ಕದ ಮನೆಯ ಮುದುಕಿ ಔನೆಯಂತೂ, "ಕಂದು ಚೀಲ ಅರ್ಧ ಹೆಣೆದಿದ್ದೆ, ಹಾಳುಮಾಡಿದೆ!" ಎಂದು ಮಾತೇ ಬಿಟ್ಟಿದ್ದಳು.

ಶನಿವಾರದ ಸಂತೆಯಲ್ಲಿ ಔನೆ ಎದುರಾದಳು. ಸಿರ್ಕು ತಲೆ ತಗ್ಗಿಸಿದಾಗ ಕಣ್ಣಿಗೆ ಬಿದ್ದದ್ದು ಮುದುಕಿಯ ಕೈಚೀಲ. ಕೆಳಗಿನ ಅರ್ಧ ಕಂದು, ಮೇಲಿನ ಅರ್ಧ ನೀಲಿ.

"ಏನ್ ನೋಡ್ತೀಯೇ? ನಿನ್ ಹಂಸ ಬಾತುಕೋಳಿ ಥರ ಇದೆ."

"ಆದ್ರೂ ಹೆಣೆದಿದ್ದೀರಲ್ಲ, ಔನೆಯಮ್ಮ?"

"ಕಾಫಿ ಕುಡ್ದು ಪೊಟ್ಟಣ ಬಿಸಾಕೋಕಾಗುತ್ತಾ?"

ಹಾಗಾದರೆ ಬೈಯುತ್ತಲೇ ಕೊಂಡು ಕುಡಿದಿದ್ದಾಳೆ! ಸಿರ್ಕುವಿಗೆ ಹೋದ ಜೀವ ಬಂದಂತಾಯಿತು.

ಔನೆ ಬೆರಳೆತ್ತಿದಳು. "ಇನ್ನೊಂದ್ಸಲ ಬದಲಾಯಿಸಿದ್ರೆ ನೋಡು! ಪೂರ್ತಿ ನೀಲಿ ಚೀಲ ಶುರು ಮಾಡಿದ್ದೀನಿ."