ತಿಳಿದವನು ಇಳಿದ ಬಾವಿ

ಸಂಗನಬಸವ ಹಳೆಯ ಬಾವಿಯ ಕಟ್ಟೆಯಿಂದ ಒಂದು ಕಾಲನ್ನು ಒಳಗೆ ಇಳಿಬಿಟ್ಟಿದ್ದ. ಅಷ್ಟರಲ್ಲಿ ದೊಡ್ಡವ್ವ ಕಾಶಿಬಾಯಿ ಬಂದು ಪಕ್ಕದಲ್ಲೇ ಕೂತಳು. ಗಂಡನ ಶವದ ಬಳಿಯಿಂದ ಎದ್ದು ಬಂದಿದ್ದಳು.

“ಮ್ಯಾಲೆ ಬಾ.”

“ದೊಡ್ಡವ್ವ, ಪಂಪಿನ ಪೈಪಿನ್ಯಾಗ ಕಸ ಸಿಕ್ಕೈತಿ. ತಗದು ಬರ್ತೀನಿ. ಮಣ್ಣಿಗೆ ಬಂದವ್ರಿಗೆ ಕೈಕಾಲು ತೊಳಿಯಾಕ ನೀರ ಬ್ಯಾಡೇನು?”

“ಬಬಲೇಶ್ವರದಿಂದ ಟ್ಯಾಂಕರ್ ಬರಾಕತ್ತೈತಿ. ಮ್ಯಾಲೆ ಬಾ.”

ಜೈನಾಪುರದ ಆ ಹೊಲದಲ್ಲಿ ಕಾಶಿಬಾಯಿಯ ಗಂಡ ರಾಮಲಿಂಗ ಮಾಸ್ತರರ ಅಂತ್ಯಕ್ರಿಯೆಗೆ ಸೇರಿದವರಲ್ಲಿ ಅರ್ಧ ಜನ ಅವರಿಂದ ವಿಜ್ಞಾನ ಕಲಿತವರೇ. ಅವರ ತಮ್ಮನ ಮಗ ಸಂಗನಬಸವನೂ ಅಷ್ಟೇ. ಈಗ ವಿಜಯಪುರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ.

“ನನಗ ಗೊತ್ತಿಲ್ಲೇನು ಬೇ? ಎರಡು ವರ್ಷ ಮುಚ್ಚಿದ್ದ ಬಾವಿ, ತಳದಾಗ ಕೆಟ್ಟ ಗಾಳಿ ಇರತೈತಿ. ಉಸಿರು ಹಿಡಕೊಂಡು ಇಳೀತೀನಿ.”

“ಮುತ್ತೂಗೂ ಗೊತ್ತಿತ್ತು.”



*

ಪಾಳುಬಾವಿಗೆ ದೀಪ ಇಳಿಸಿ ನೋಡದೆ ಯಾಕೆ ಇಳಿಯಬಾರದು ಎಂಬ ಪ್ರಶ್ನೆಗೆ ಮಾಸ್ತರರ ಶಿಷ್ಯ, ಸಾರವಾಡದ ಮುತ್ತು ಹಿಂದೊಮ್ಮೆ ಪರೀಕ್ಷೆಯಲ್ಲಿ ಒಂದು ಪುಟ ಬರೆದಿದ್ದ. ಮಾಸ್ತರರು ಪೂರ್ಣ ಅಂಕ ಕೊಟ್ಟು ಅದನ್ನು ತರಗತಿಗೆ ಓದಿ ಹೇಳಿದ್ದರು. ಅದೇ ಬೇಸಿಗೆಯಲ್ಲಿ ಒಂದು ಪಾಳುಬಾವಿಗೆ ಬಿದ್ದ ಆಡಿನ ಮರಿ ತರಲು ಮುತ್ತು ಇಳಿದ. ಮೇಲೆ ಬರಲಿಲ್ಲ.

ಆಮೇಲೆ ಮಾಸ್ತರರು ಪ್ರವಚನಗಳಿಗೆ ಹೋಗತೊಡಗಿದರು. ತಿಕೋಟಾದಲ್ಲಿ ವೇದಾಂತ ಬಲ್ಲವರೊಬ್ಬರ ಮನೆಗೂ ಹೋದರು. ಎಲ್ಲೆಡೆ ಕೇಳಿದ್ದು ಒಂದೇ: “ಎಲ್ಲಾ ತಿಳದಿದ್ದಾವ ಯಾಕ ಇಳಿದಾನ್ರಿ?” ಒಬ್ಬರು ವಿಧಿ ಎಂದರು. ಇನ್ನೊಬ್ಬರು ದೇಹವೇ ಸುಳ್ಳು ಎಂದರು. ಮಾಸ್ತರರು ಕೈಮುಗಿದು ಎದ್ದು ಬಂದರು.

ಒಂದು ಮಧ್ಯಾಹ್ನ ಉಣ್ಣುತ್ತ ಹೆಂಡತಿಗೆ ಹೇಳಿದರು: “ನಾ ಅವಗ ಗಾಳಿ ಕಲಿಸಿದೆ. ಅಂಜಿಕಿ ಕಲಿಸಲಿಲ್ಲ.”

ಅಂದಿನಿಂದ ಯಾರು ಬಾವಿಯ ಹೂಳು ತೆಗೆಸಿದರೂ ಹೋಗಿ ಕಟ್ಟೆಯ ಮೇಲೆ ಕೂರುತ್ತಿದ್ದರು. ದೀಪ ಇಳಿಸದೆ ಯಾರನ್ನೂ ಬಿಡುತ್ತಿರಲಿಲ್ಲ. ಜನ ಬೆನ್ನ ಹಿಂದೆ ನಗುತ್ತಿದ್ದರು.

*

ಯಾರೋ ಕಂದೀಲು ತಂದರು. ಸಂಗನಬಸವನೇ ಹಗ್ಗ ಬಿಟ್ಟ. ಮೂರು ಮಾರು, ನಾಲ್ಕು ಮಾರು. ಐದನೆಯದಕ್ಕೆ ಬೆಳಕು ಸಣ್ಣಗಾಗಿ ನಂದಿತು. ಎಳೆದು, ಹೊತ್ತಿಸಿ ಮತ್ತೆ ಇಳಿಸಿದ. ಅಲ್ಲೇ ನಂದಿತು.

ಅವನು ಕಾಲು ಹೊರಗೆಳೆದುಕೊಂಡ.

ಮಾಸ್ತರರನ್ನು ಕೂತ ಭಂಗಿಯಲ್ಲಿ ಮಣ್ಣು ಮಾಡಲು ಆಳುದ್ದದ ಗುಂಡಿ ತೋಡಿದ್ದರು. ವಿಧಿ ನಡೆಸುತ್ತಿದ್ದ ಈರಯ್ಯ ಸ್ವಾಮಿಗಳು ಕರೆದರು: “ಮಾಸ್ತರನ್ನ ಹಿಡಕೊಳ್ಳಾಕ ಒಬ್ಬರು ಒಳಗ ಇಳೀಬೇಕು. ನೀನ ಬಾ, ಸಂಗನಬಸವ.”

ಅವನು ಗುಂಡಿಯ ಅಂಚಿಗೆ ಬಂದ. ಹಿಂದಿನಿಂದ ಕಾಶಿಬಾಯಿ ಅಂಗಿ ಹಿಡಿದು ಜಗ್ಗಿದಳು.

“ದೊಡ್ಡವ್ವ, ಇದು ಬಾವಿ ಅಲ್ಲ ಬೇ.”

“ಗೊತ್ತೈತಿ.”

ಗೊತ್ತಿದ್ದರೂ ಕಾಶಿಬಾಯಿಯ ಮುಷ್ಟಿ ಬಿಚ್ಚಲಿಲ್ಲ. ಇಬ್ಬರು ಹೆಂಗಸರು ಬಂದು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದರು. ಬಿಡಿಸಿದ ಬೆರಳು ಮತ್ತೆ ಮಡಚಿಕೊಳ್ಳುತ್ತಿತ್ತು.