ಅತ್ತಿಗೆ ಹೊಗಳಿದ ಅಡುಗೆಮನೆ

ಹಿಂದಿನ ಗೋಡೆ ಒಡೆಸಿ ದೊಡ್ಡದು ಮಾಡಿಸಿದ ನಮ್ಮ ಅಡುಗೆಮನೆ ಅರ್ಧ ಸುಟ್ಟು ಕರಕಲಾಗಿತ್ತು. ಮನೆಗೆ ವಿಮೆಯೇನೋ ಇತ್ತು. ಆದರೆ ಇಂಥ ಬದಲಾವಣೆಯನ್ನು ಕಂಪನಿಗೆ ತಿಳಿಸಬೇಕೆಂಬುದು ನಮಗೆ ಹೊಳೆದದ್ದು ಬೆಂಕಿ ಆರಿದ ಮೇಲೆ. ತಿಳಿಸದಿದ್ದರೆ ಪರಿಹಾರ ಸಿಗಲಿಕ್ಕಿಲ್ಲ ಎಂದು ಪಕ್ಕದ ಮನೆಯವರು ಅಂದಾಗಿನಿಂದ ನನ್ನ ಗಂಡನ ಮುಖದಲ್ಲಿ ಕಳೆಯೇ ಇರಲಿಲ್ಲ.

ಪರಿಶೀಲನೆ ಮುಗಿಸಿದ ವಿಮೆ ಅಧಿಕಾರಿ, ಬೂಟಿಗೆ ಮಸಿ ಹತ್ತಿತ್ತೆಂದು ಅದನ್ನು ಹೊರಗೇ ಬಿಟ್ಟು ನಡುಮನೆಗೆ ಬಂದರು.

"ದೊಡ್ಡದು ಮಾಡಿಸಿದ್ದು ನಮ್ಮಲ್ಲಿ ದಾಖಲಾಗಿದೆ. ವಿಮೆ ನವೀಕರಣದ ಫೋನ್ ಬಂದಾಗ ನೀವೇ ಹೇಳಿದ್ದೀರಿ. ಅದಕ್ಕೇ ಕಂತು ಜಾಸ್ತಿ ಆಗಿದ್ದು."

ನಾವಿಬ್ಬರೂ ಮುಖಮುಖ ನೋಡಿಕೊಂಡೆವು. ಎಲ್ಲದಕ್ಕೂ ಬೆಲೆ ಏರಿದೆ ಎಂದು ಗೊಣಗುತ್ತ ಇವರು ಆ ಕಂತು ಕಟ್ಟಿದ್ದರು.

"ನಾನೇ ಹೇಳಿದ್ದು," ಎಂದರು ನಮ್ಮ ಜೊತೆಗೇ ಇರುವ ಇವರ ಅಕ್ಕ. ಹೊಸ ಅಡುಗೆಮನೆಯನ್ನು ಹಾಲು ತರುವವನಿಂದ ಹಿಡಿದು ದಾರಿಹೋಕರವರೆಗೆ ಎಲ್ಲರೆದುರೂ ಹೊಗಳಿದವರು ನಮ್ಮತ್ತಿಗೆ. "ಮನೇಲಿ ಏನಾದ್ರೂ ಬದಲಾಗಿದೆಯಾ ಅಂತ ಆ ಹುಡುಗಿ ಕೇಳಿದ್ಲು. ಗೋಡೆ ಒಡೆಸಿದ್ದರಿಂದ ಟೈಲ್ಸ್ ಬಣ್ಣದವರೆಗೂ ಹೇಳ್ದೆ. ಪಾಪ, ಒಂದು ಸಲಾನೂ ಬೇಸರ ಮಾಡ್ಕೊಳ್ಳಲಿಲ್ಲ."

"ನಮಗ್ಯಾಕೆ ಹೇಳಲಿಲ್ಲ, ಅಕ್ಕ?"

"ನಾನು ಬಾಯಿ ತೆರೆದ್ರೆ ಸಾಕು, ರೇಡಿಯೋ ಶುರುವಾಯ್ತು ಅಂತೀಯಲ್ಲ."

ಅಧಿಕಾರಿ ನಗು ತಡೆಯಲು ಕೆಮ್ಮಿದರು. ಇವರು ನಿರಾಳವಾಗಿ ಉಸಿರು ಬಿಟ್ಟು, ಕುರ್ಚಿ ಎಳೆದುಕೊಂಡು ಅಕ್ಕನ ಎದುರು ಕೂತರು.

"ಈಗ ಹೇಳು. ಟೈಲ್ಸ್ ಯಾವ ಬಣ್ಣ ಅಂದೆ?"