ನೀರುಳ್ಳಿ ಬೇರಿನ ತುದಿ

"ಎಂತ ಮಾರಾಯ್ತಿ, ಇನ್ನೂ ಚಿತ್ರ ಬಿಡಿಸ್ಲಿಲ್ಲವಾ?" ಲ್ಯಾಬಿನ ಅಟೆಂಡರ್ ಲೋಕಯ್ಯ ಬಗ್ಗಿ ಪಿಸುಗುಟ್ಟಿದ. "ಬೆಲ್ಲಿಗೆ ಹತ್ತೇ ನಿಮಿಷ ಉಂಟು."

ದಮಯಂತಿ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ. ನೀರುಳ್ಳಿ ಬೇರಿನ ತುದಿಗೆ ಕೆಂಪು ಬಣ್ಣ ಹಿಡಿಸಿ, ಎರಡು ಗಾಜಿನ ನಡುವೆ ಇಟ್ಟು, ಹೆಬ್ಬೆರಳಿನಿಂದ ಅಮುಕಿ ಹರಡಿದ್ದಳು. ಸಾಲು ಸಾಲು ಜೀವಕೋಶಗಳ ನಡುವೆ ಒಂದರಲ್ಲಿ ವರ್ಣತಂತುಗಳು ಎರಡು ಪಾಲಾಗಿ, ಅರ್ಧ ಆಚೆಗೆ, ಅರ್ಧ ಈಚೆಗೆ ಹೊರಟಿದ್ದವು. ಇನ್ನೇನು ನಡುವೆ ಗೋಡೆ ಎದ್ದು ಒಂದು ಎರಡಾಗಬೇಕು. ಅದನ್ನು ಕಣ್ಣಾರೆ ಕಂಡೇ ಪೆನ್ಸಿಲ್ ಹಿಡಿಯುವುದೆಂದು ಅವಳು ಇಪ್ಪತ್ತು ನಿಮಿಷದಿಂದ ಕಾದಿದ್ದಳು. ಬಲೆ ಬಿಟ್ಟ ಮೇಲೆ ನೀರಿನಿಂದ ಕಣ್ಣು ಕೀಳಬಾರದು ಎನ್ನುವ ಮನೆಯಲ್ಲಿ ಬೆಳೆದವಳು. ಕಾಯುವುದನ್ನು ಅವಳಿಗೆ ಯಾರೂ ಕಲಿಸಬೇಕಿರಲಿಲ್ಲ.

ಪ್ರಾಕ್ಟಿಕಲ್ ಪರೀಕ್ಷೆಗೆ ಬಂದ ಉಳಿದವರು ಪುಸ್ತಕದ ಚಿತ್ರಗಳನ್ನೇ ನೆನಪಿನಿಂದ ಇಳಿಸಿ ಕೈಕಟ್ಟಿ ಕೂತಿದ್ದರು. ಊರಿಗೆಲ್ಲ ಒಂದು ದಾರಿಯಾದರೆ ದಮಯಂತಿಗೆ ಒಂದು ದಾರಿ. ಅಷ್ಟು ಸಸಾರ ಮಾಡುವ ಪರೀಕ್ಷೆಯೂ ಅಲ್ಲ ಅದು. ಪಿಯುಸಿ ಡುಮ್ಕಿ ಹೊಡೆದರೆ ಬಂದರಿನ ಶೆಡ್ಡಿನಲ್ಲಿ ಸಿಗಡಿ ಸುಲಿಯಲು ಕಳಿಸುವುದೆಂದು ಅವಳಮ್ಮ ಮೋಹಿನಿ ಆಗಲೇ ಅಲ್ಲಿ ಮಾತಾಡಿ ಬಂದಿದ್ದಳು. ಎಪ್ಪತ್ತೊಂಬತ್ತರ ಮಾರ್ಚ್, ಶೆಡ್ಡಿಗೆ ಹುಡುಗಿಯರು ಬೇಕಿದ್ದ ಕಾಲ.

ಸುರತ್ಕಲ್ ಕಡೆಯಿಂದ ಬಂದಿದ್ದ ಪರೀಕ್ಷಕ ಚಿತ್ತರಂಜನ ರೈಗಳು ಅವಳ ಖಾಲಿ ಹಾಳೆಯ ಮುಂದೆ ನಿಂತರು.

"ಎಂತ, ಒಡೆಯುವ ಕೋಶ ಸಿಗಲಿಲ್ಲವಾ?"

"ಸಿಕ್ಕಿದೆ ಸರ್. ಅದು ಇನ್ನೂ ಒಡೆದು ಮುಗೀಲಿಲ್ಲ."

ರೈಗಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. "ಅದು ಸತ್ತು ಒಂದು ದಿನ ಆಯ್ತು ಮಾರಾಯ್ತಿ! ನಿನ್ನೆ ಬೆಳಿಗ್ಗೆ ಲೋಕಯ್ಯ ಬೇರು ಕತ್ತರಿಸಿ ಆಸಿಡಿಗೆ ಹಾಕುವಾಗ ಹೇಗಿತ್ತೋ ಹಾಗೇ ನಿಂತಿದೆ. ನೀನು ನಾಳೆ ತನಕ ಕೂತ್ರೂ ಅಲುಗಾಡ್ಲಿಕ್ಕಿಲ್ಲ."

ಇಡೀ ಲ್ಯಾಬು ಕಿಸಕ್ಕೆಂದಿತು. ದಮಯಂತಿಗೆ ನಾಚಿಕೆಯೂ ಆಯಿತು, ಆದರೆ ಅದಕ್ಕಿಂತ ಮೊದಲು ಪ್ರಶ್ನೆ ಬಂತು.

"ಹಾಗಾದ್ರೆ ಮುಂದೆ ಎಂತ ಆಗ್ತದೆ ಅಂತ ಗೊತ್ತಾಗುವುದು ಹೇಗೆ ಸರ್?"

"ಒಂದೊಂದು ಕೋಶ ಒಂದೊಂದು ಹಂತದಲ್ಲಿ ಸತ್ತಿರ್ತದೆ. ಹುಡುಕಿ ಜೋಡಿಸ್ಬೇಕು. ಏಳು ನಿಮಿಷ ಉಂಟು."

ಅವಳು ಗಾಜನ್ನು ಸರಿಸಿದಳು. ಒಂದು ಕೋಶದಲ್ಲಿ ತಂತುಗಳು ಸಿಕ್ಕುಸಿಕ್ಕಾಗಿದ್ದವು. ಇನ್ನೊಂದರಲ್ಲಿ ನಟ್ಟನಡುವೆ ಸಾಲುಗಟ್ಟಿ ನಿಂತಿದ್ದವು. ಕಂಡದ್ದನ್ನು ಕಂಡ ಹಾಗೆ ಬರೆಯುತ್ತ ಹೋದಳು. ಶೆಡ್ಡಿನ ಭಯ ಮರೆತೇಹೋಗಿ ಮೈಯೆಲ್ಲ ಖುಷಿಯಾಯಿತು.

ಬೆಲ್ ಹೊಡೆಯಿತು. ಹಾಳೆಯಲ್ಲಿ ನಾಲ್ಕು ಮನೆಗಳಿದ್ದವು: ಮೂರರಲ್ಲಿ ಚಿತ್ರ, ನಾಲ್ಕನೆಯದು ಖಾಲಿ. ಕೆಳಗೆ ಬರೆದಿದ್ದಳು: 'ನಡುವೆ ಗೋಡೆ ಎದ್ದ ಕೋಶ. ಹುಡುಕಿದೆ, ಸಿಗಲಿಲ್ಲ.'

"ಪುಸ್ತಕದಲ್ಲಿ ಉಂಟಲ್ಲ, ಹಾಕಿಬಿಡ್ಬಹುದಿತ್ತು," ಎಂದರು ರೈಗಳು.

"ನಾನು ನೋಡ್ಲಿಲ್ಲ ಸರ್."

ರೈಗಳು ಮೂರು ಚಿತ್ರಕ್ಕೆ ಅಂಕ ಹಾಕಿ ಸಹಿ ಮಾಡಿದರು. ತಲೆಕೆಳಗಾಗಿ ಕಂಡ ಅಂಕ ಓದಿ ದಮಯಂತಿಯ ಎದೆ ಹಗುರಾಯಿತು. ಪಾಸಿಗೆ ಅಷ್ಟು ಸಾಕಿತ್ತು. ಅವಳು ಬ್ಯಾಗು ಎತ್ತಿಕೊಂಡಳು. ರೈಗಳು ಮಾತ್ರ ಮುಂದಿನ ಮೇಜಿಗೆ ಹೋಗಲಿಲ್ಲ. ಕನ್ನಡಕ ತೆಗೆದು ಅವಳ ಸ್ಟೂಲಿನ ಮೇಲೆ ಕೂತು, ಗಾಜನ್ನು ಕೂದಲೆಳೆಯಷ್ಟೇ ಸರಿಸುತ್ತ ಆ ನಾಲ್ಕನೆಯ ಕೋಶಕ್ಕಾಗಿ ಹುಡುಕತೊಡಗಿದರು. ಮುಂದಿನ ಬ್ಯಾಚಿನವರು ಬಾಗಿಲಲ್ಲಿ ಗುಂಪುಗೂಡಿದರು. ಲೋಕಯ್ಯ ಎರಡು ಸಲ ಕೆಮ್ಮಿದ.

"ಬಾ," ಎಂದು ರೈಗಳು ಕೊನೆಗೆ ಸ್ಟೂಲು ಬಿಟ್ಟುಕೊಟ್ಟರು. "ಬಲಗಡೆ, ಮೇಲೆ."

ದಮಯಂತಿ ಬ್ಯಾಗನ್ನು ನೆಲಕ್ಕಿಳಿಸಿ ಕಣ್ಣಿಟ್ಟಳು.